ಕೇಳಿದವರಿಗೆ ಮಾತ್ರ

ಮಾರ್ಚ್ 14
ಆಸ್ಪತ್ರೆಯ ಬಿಲ್ ಕೌಂಟರಿನ ಟೋಕನ್ ಮೆಷಿನ್ ಇವತ್ತೂ ಕೆಟ್ಟಿತ್ತು. ಸಾಲಿನಲ್ಲಿದ್ದವರೆಲ್ಲ ನನ್ನ ಮೇಲೇ ರೇಗಿದರು. ಟೈಲರ್ ಒಬ್ಬರನ್ನು ಬಿಟ್ಟು. ಹೆಂಡತಿಯ ಆಪರೇಷನ್ ಬಿಲ್ಲಿಗೆ ಎರಡನೇ ಕಂತು ಕಟ್ಟಿ, "ಬರ್ತೀನಿ ಮೇಡಂ" ಅಂದು ಹೋದರು.

ವರಮಾನ ಕಡಿಮೆ ಇದ್ದವರ ಬಿಲ್ಲಿನಲ್ಲಿ ಅರ್ಧ ಬಿಡಲೇಬೇಕು. ಕಾನೂನು. ಮೂವತ್ತು ದಿನದೊಳಗೆ ಅರ್ಜಿ ಹಾಕಿದರೆ ಸಾಕು. ಆ ಮನುಷ್ಯನಿಗೆ ಗೊತ್ತಿಲ್ಲ. ಫಾರಂ ಇರುವುದು ಇನ್‌ಚಾರ್ಜ್ ಅವರ ಡ್ರಾಯರಿನಲ್ಲಿ, ಬೀಗದೊಳಗೆ. ಅವರು ಹೇಳುವುದು ಒಂದೇ: "ಕೇಳಿದೋರಿಗೆ ಕೊಡೋಣ. ಕೇಳ್ದೇ ಇರೋರಿಗೆ ನೀವ್ಯಾಕೆ ಬಾಯಿ ಬಿಡ್ತೀರಿ?"

ಮಾರ್ಚ್ 21
ಟೈಲರ್ ಹೊಲಿಗೆ ಮೆಷಿನ್ ಮಾರಿದರಂತೆ. ಈಗ ಬೇರೆಯವರ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ. "ಇಲ್ಲಿ ಮುಖ ಕೊಟ್ಟು ಮಾತಾಡೋದು ನೀವೊಬ್ರೇ ಮೇಡಂ."
ಮಾತು ನಾಲಿಗೆ ತುದಿಗೆ ಬಂದಿತ್ತು. ಹಿಂದೆ ಗಾಜಿನಾಚೆ ಇನ್‌ಚಾರ್ಜ್. ಪರ್ಮನೆಂಟ್ ಆಗುವವರ ಪಟ್ಟಿ ಅವರ ಕೈಯಲ್ಲಿ. ರಸೀದಿ ಹರಿದು ಕೊಟ್ಟೆ.
ನಾಚಿಕೆಯಾಗುತ್ತಿದೆ.

ಮಾರ್ಚ್ 28
ಅಮ್ಮ ದಿನಾ ಅದೇ ಪ್ರಶ್ನೆ — "ಕೆಲ್ಸ ಗಟ್ಟಿ ಆಯ್ತೇನೇ?" ಪರ್ಮನೆಂಟ್ ಆರ್ಡರ್ ಕೊಡುವುದು ಏಪ್ರಿಲ್ ಮೂರನೇ ತಾರೀಕು.
ಲೆಕ್ಕ ಹಾಕಿದೆ. ಟೈಲರ್ ಬಿಲ್ ಮಾರ್ಚ್ ಐದರದ್ದು. ಅಂದರೆ ಏಪ್ರಿಲ್ ನಾಲ್ಕರವರೆಗೆ ಟೈಮಿದೆ. ಆರ್ಡರ್ ಕೈಗೆ ಬಂದ ಮೇಲೂ ಒಂದು ದಿನ ಉಳಿಯುತ್ತದೆ! ನನ್ನ ಕೆಲಸವೂ ಉಳಿಯಿತು, ಅವರ ದುಡ್ಡೂ ಉಳಿಯಿತು. ಎಂಥ ಜಾಣೆ ನಾನು.
ಇವತ್ತೂ ಕಂತು ಕಟ್ಟಿಸಿಕೊಂಡೆ.

ಏಪ್ರಿಲ್ 3
ಆರ್ಡರ್ ಬಂತು. ಅಮ್ಮನಿಗೂ ಮೊದಲು ಟೈಲರ್‌ಗೆ ಫೋನ್ ಮಾಡಿದೆ. ಆಮೇಲೆ ನೇರ ಒಳಗೆ ಹೋಗಿ ಫಾರಂ ಕೇಳಿದೆ. ಇನ್‌ಚಾರ್ಜ್ ಬಿಲ್ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಬೀಗ ತೆಗೆದು, ಕೊಟ್ಟೇಬಿಟ್ಟರು. ನಗುತ್ತಾ. ಇಷ್ಟು ಸುಲಭ ಅಂತ ಗೊತ್ತಿದ್ದರೆ…

ಏಪ್ರಿಲ್ 4
ಬಾಗಿಲು ತೆಗೆಯುವ ಮೊದಲೇ ಟೈಲರ್ ಹಾಜರ್. ಇಸ್ತ್ರಿ ಮಾಡಿದ ಶರ್ಟು. ವರಮಾನದ ಸರ್ಟಿಫಿಕೇಟ್, ಎರಡೆರಡು ಜೆರಾಕ್ಸ್. ಹೆಂಡತಿಯನ್ನೂ ಕರೆತಂದಿದ್ದರು, ಇನ್ನೂ ಹೊಟ್ಟೆ ಹಿಡಿದುಕೊಂಡೇ ನಡೆಯುತ್ತಾರೆ.
ಕಂಪ್ಯೂಟರಿಗೆ ಹಾಕಿದೆ. ಅವಧಿ ಮುಗಿದಿದೆ ಅಂತ ಬಂತು. ಮತ್ತೆ ಹಾಕಿದೆ. ಅದೇ.
ನಮ್ಮಲ್ಲಿ ಕಂತು, ಬಡ್ಡಿ, ನೋಟಿಸು ಎಲ್ಲಕ್ಕೂ ಬಿಲ್ ತಾರೀಕೇ ಲೆಕ್ಕ. ಇದೊಂದಕ್ಕೆ ಡಿಸ್ಚಾರ್ಜ್ ತಾರೀಕು. ಅವರ ಹೆಂಡತಿ ಡಿಸ್ಚಾರ್ಜ್ ಆಗಿದ್ದು ಮಾರ್ಚ್ ಮೂರಕ್ಕೆ. ಲ್ಯಾಬ್ ಚಾರ್ಜ್ ಬರುವುದು ತಡವಾಗಿ ನಾನು ಬಿಲ್ ಮಾಡಿದ್ದು ಐದಕ್ಕೆ. ಅವಧಿ ಮೊನ್ನೆಗೇ ಮುಗಿದಿತ್ತು. ಬಿಲ್ ತಾರೀಕಿನಿಂದ ಎಣಿಸಿದ್ದು ನಾನು, ಆರು ವರ್ಷದ ಅಭ್ಯಾಸಬಲ.
ನಿನ್ನೆಯ ಆ ನಗು ಈಗ ಅರ್ಥವಾಯಿತು.
ಟೈಲರ್ ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಂಡರು. "ನಿಮ್ದೇನೂ ತಪ್ಪಿಲ್ಲ ಮೇಡಂ. ನಾನೇ ಮುಂಚೆ ಕೇಳ್ಬೇಕಿತ್ತು."
"ಹೌದು, ಕೇಳ್ಬೇಕಿತ್ತು" ಅಂದೆ. ಅಂದುಬಿಟ್ಟೆ.

ಏಪ್ರಿಲ್ 11
ಟೈಲರ್ ಬಂದಿದ್ದರು. ಪಕ್ಕದ ಕೌಂಟರ್ ಖಾಲಿಯಿದ್ದರೂ ನನ್ನ ಸಾಲಿನಲ್ಲೇ ನಿಂತರು. ಇವತ್ತು ಹೇಳಿಯೇ ಬಿಡೋಣ, ನನಗೆ ಮೊದಲ ದಿನದಿಂದಲೂ ಗೊತ್ತಿತ್ತು ಅಂತ ಹೇಳೋಣ ಅಂತ ಬಾಯಿ ತೆರೆದೆ. ಹಣ ಎಣಿಸಿಟ್ಟು ಅವರೇ, "ನಮಗೋಸ್ಕರ ಎಷ್ಟೊಂದು ಓಡಾಡಿದ್ರಿ ಮೇಡಂ" ಅಂದರು. ನಾನು ರಸೀದಿ ಹರಿದು ಕೊಟ್ಟೆ.