ಎದುರು ಕುರ್ಚಿಯ ಮಗಳು

ಅಪ್ಪಾ,

ನಿನ್ನೆಯ ಚರ್ಚೆ ಬಹಳ ಗೌರವದಿಂದ ನಡೆಯಿತೆಂದು ಎಲ್ಲರೂ ಹೊಗಳುತ್ತಿದ್ದಾರೆ. ನನ್ನಂಥ ಟ್ರಾನ್ಸ್ ಹೆಂಗಸರಿಗೆ ಕಾನೂನು ಯಾವ ಹಕ್ಕು ಕೊಡಬಾರದು ಎಂಬುದನ್ನು ನೀವು ದನಿ ಏರಿಸದೆ ವಾದಿಸಿದಿರಿ. ಎದುರು ಕುರ್ಚಿಯಲ್ಲಿದ್ದ ನನ್ನನ್ನು ‘ಮೇಡಂ’ ಎಂದಿರಿ. ನಾನು ಮನೆ ಬಿಡುವ ದಿನವೂ ‘ಹೋಗೋ’ ಎಂದ ಬಾಯಿ ಅದು. ನಾವು ಅಪ್ಪ, ಮಗಳೆಂದು ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಚಹಾ ಕುಡಿಯುವಾಗ ನಿಮ್ಮ ವಿಭಾಗದ ಮುಖ್ಯಸ್ಥರು ನಿಮ್ಮ ಕೈ ಹಿಡಿದುಕೊಂಡು, “ಮನೆಯವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅಂಥದ್ರಲ್ಲೂ ಬಂದ್ರಲ್ಲ ಸರ್,” ಎಂದರು. ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಇಲ್ಲವೆಂದು ನನಗೆ ತಿಳಿದದ್ದು ಹಾಗೆ. ನೀವು ನನ್ನನ್ನು ನೋಡಿ, “ಮೇಡಂಗೂ ಚಹಾ ಕೊಡಿ,” ಎಂದಿರಿ.

ಜಗಳಕ್ಕೆ ಬರೆಯುತ್ತಿಲ್ಲ. ಅಮ್ಮನ ಬೂದು ಸ್ವೆಟರ್ ಯಾರಿಗೂ ಬೇಡವಾಗಿದ್ದರೆ ನಿಮ್ಮ ಕಾಲೇಜಿನ ವಾಚ್‌ಮ್ಯಾನ್ ಹತ್ತಿರ ಕೊಡಿ, ಬಂದು ತೆಗೆದುಕೊಳ್ಳುತ್ತೇನೆ. ದಯವಿಟ್ಟು ಒಗೆಸಬೇಡಿ.

ಇನ್ನೊಂದು ಮಾತು ಕೇಳಬೇಕು. ಭಾಷಣದ ನಡುವೆ ನೀವು ಒಬ್ಬ ತಾಯಿಯ ಉದಾಹರಣೆ ಕೊಟ್ಟಿರಿ. ಮನೆ ಬಿಟ್ಟು ಹೋದ ಮಗು ಬರುತ್ತದೆಂದು ಮಂಚವನ್ನು ಬಾಗಿಲ ಕಡೆಗೆ ತಿರುಗಿಸಿ ಹಾಕಿಸಿಕೊಂಡು, ಹಾಗೆಯೇ ಕಣ್ಣು ಮುಚ್ಚಿದಳು ಎಂದಿರಿ. ವಾದಕ್ಕಾಗಿ ಕಟ್ಟಿದ ಕಥೆಯೆಂದುಕೊಂಡು ನಾನು, “ಇದಕ್ಕೆ ಆಧಾರ ಏನು ಸರ್?” ಎಂದು ಕೇಳಿದೆ. ಸಭೆ ಚಪ್ಪಾಳೆ ತಟ್ಟಿತು. ನೀವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕುಳಿತಿರಿ.

ಮಂಚ ತಿರುಗಿಸಿದ್ದು ನೀವೇನಾ ಅಪ್ಪಾ? ಬರೆದು ತಿಳಿಸಿ.

ಇಂತಿ,
ನಿಮ್ಮ ಮಗಳು