ಆಟ ಮುಗಿದ ಮೇಲಿನ ಮಾತು

ವೀಸಾ ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಕೂರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಸುಳ್ಳು ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ನೀವು ಅವಳನ್ನು ಫುಟ್‌ಬಾಲ್ ಆಡಲು ಬಿಡಲಿಲ್ಲ. ನನ್ನ ದೂರು ಇಷ್ಟೇ. ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ನಿಮಗೆ ಪುರುಸೊತ್ತು ಕಡಿಮೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಕಚೇರಿಗೆ ಬರೆದಾಗಲೆಲ್ಲ ‘ನಿಮ್ಮ ಮನವಿ ತಲುಪಿದೆ’ ಎಂದು ಯಂತ್ರವೊಂದು ಉತ್ತರಿಸಿತು. ಯಂತ್ರಕ್ಕೆ ತಲುಪಿದ್ದು ಮನುಷ್ಯರಿಗೂ ತಲುಪಲಿ ಎಂದು ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿಮಗೆ ನೆನಪಿರಲಿಕ್ಕಿಲ್ಲ, ನೆನಪಿಸುತ್ತೇನೆ. ಹದಿನೈದು ವರ್ಷದೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಿಮ್ಮ ದೇಶದಲ್ಲಿ ನಡೆಯಿತು. ನಮ್ಮ ಬಡಾವಣೆಯ ತಂಡಕ್ಕೂ ಕರೆ ಬಂತು. ಬಸ್ ಡಿಪೋದ ಹಿಂದಿನ ಜಲ್ಲಿ ನೆಲದಲ್ಲಿ ಮೊಣಕಾಲು ತರಚಿಕೊಂಡು ಕಲಿತ ಹುಡುಗಿಯರು ಇವರು. ನನ್ನ ಮಗಳು ಈ ತಂಡದ ಗೋಲ್‌ಕೀಪರ್. ಬೇರೆ ಗೋಲ್‌ಕೀಪರ್ ನಮ್ಮಲ್ಲಿ ಇಲ್ಲ. ಉಳಿದವರಿಗೆಲ್ಲ ಗೋಲು ಹೊಡೆಯುವ ಆಸೆ, ಇವಳೊಬ್ಬಳಿಗೆ ತಡೆಯುವ ಆಸೆ. ಕೂತಲ್ಲಿಂದ ಚಂಗನೆ ನೆಗೆಯುವುದರಿಂದ ಗೆಳತಿಯರು ಅವಳನ್ನು ಕಪ್ಪೆ ಎಂದು ಕರೆಯುತ್ತಾರೆ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಅಲ್ಲಿ ಬಿಸಾಡಿದ ಹಳೆಯ ಹಾಸಿಗೆಗಳನ್ನು ಬೇಡಿ ತಂದು ನಮ್ಮ ಕಟ್ಟಡದ ತಾರಸಿಯ ಮೇಲೆ ಹಾಸಿದ್ದೆ. ಅದರ ಮೇಲೆ ಬಿದ್ದು ಬಿದ್ದೇ ಅವಳು ಬೀಳುವುದನ್ನು ಕಲಿತದ್ದು. ಕೆಳಗಿನ ಮನೆಯಾಕೆ ದಿನಾ ಸಂಜೆ ಬಂದು ‘ನಿಮ್ಮ ಕಪ್ಪೆ ಇವತ್ತು ಎಷ್ಟು ಹೊತ್ತು ಕುಪ್ಪಳಿಸುತ್ತೆ ಅಂತ ಹೇಳಿ, ನಾನು ಆಮೇಲೆ ಮಲಗ್ತೀನಿ’ ಎಂದು ರೇಗಿಸುತ್ತಿದ್ದರು.

ಇನ್ನು ತರಬೇತುದಾರರ ವಿಷಯ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು, ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಅವರ ಕಸುಬು ಲಿಫ್ಟ್ ರಿಪೇರಿ. ಮಕ್ಕಳಿಗೆ ಅವರು ಲಿಫ್ಟ್ ಮಾಸ್ತರು. ಕೆಟ್ಟ ಲಿಫ್ಟನ್ನು ಬಿಚ್ಚಿ ಜೋಡಿಸಿದ ಮೇಲೂ ‘ಸರಿಹೋಯ್ತು’ ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ತಾವೇ ಒಳಗೆ ನಿಂತು, ಕೊನೆಯ ಮಹಡಿಗೆ ಹೋಗಿ, ಇಳಿದು, ಬಾಗಿಲು ತೆರೆದು ಹೊರಗೆ ಕಾಲಿಟ್ಟ ಮೇಲಷ್ಟೇ ಆ ಮಾತು. ‘ನಮ್ಮೋನೊಬ್ಬ ಮುಂಚೇನೇ ಸರಿಹೋಯ್ತು ಅಂದ. ಆಮೇಲೆ ಎರಡು ಮಹಡಿ ಮಧ್ಯೆ ನೇತಾಡ್ಕೊಂಡು ಊಟಾನೂ ಅಲ್ಲೇ ಮಾಡಿದ’ ಎಂದು ಅವರು ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಈ ತಂಡ ಒಮ್ಮೆ ಪಕ್ಕದೂರಿನ ಪಂದ್ಯಾವಳಿಗೆ ಹೊರಟಾಗ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಗೆದ್ದ ಕಪ್ ಇಡಲು ಗಾಜಿನ ಪೆಟ್ಟಿಗೆ ಮಾಡಿಸಿಟ್ಟು ಹೋಗಿತ್ತು. ಮೊದಲ ಪಂದ್ಯದಲ್ಲೇ ಸೋತು ಬಂದರು. ಆ ಪೆಟ್ಟಿಗೆಯಲ್ಲಿ ಈಗ ಯಾರದೋ ಮನೆಯ ಮೀನುಗಳು ಈಜುತ್ತಿವೆ. ಅಂದು ಮಾಸ್ತರು ಒಂದು ನೇಮ ಮಾಡಿದರು: ಆಟಕ್ಕೆ ಮುಂಚೆ ಆಟ ಮುಗಿದ ಮೇಲಿನ ಮಾತು ಆಡಕೂಡದು. ಗೆಲ್ಲುವ ಮಾತು ಮಾತ್ರವಲ್ಲ, ಯಾವ ಮಾತೂ, ಎಲ್ಲಿಯೂ. ಮಕ್ಕಳು ಇದನ್ನು ಎಷ್ಟು ಹಟದಿಂದ ಪಾಲಿಸಿದರೆಂದರೆ, ‘ಆಟ ಮುಗಿಸಿ ಬರ್ತಾ ಹಾಲು ತರ್ತೀಯೇನೇ?’ ಎಂದು ನಾನು ಕೇಳಿದರೂ ನನ್ನ ಮಗಳು ಬೂಟಿನ ದಾರ ಕಟ್ಟುತ್ತಾ, ‘ಅದು ಆಟ ಮುಗಿದ್ಮೇಲಿನ ಮಾತು ಅಮ್ಮ, ಈಗ ಹೇಳಲ್ಲ’ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹಾಲು ತರದೆ ಬಂದ ದಿನ ಒಂದೂ ಇಲ್ಲ, ಮಾನ್ಯರೇ. ಮಾತು ಕೊಡದೆ ನಡೆದುಕೊಳ್ಳುವ ಜನರೂ ಇದ್ದಾರೆ ಎಂಬುದು ನಿಮ್ಮ ನಿಯಮಾವಳಿಯ ಯಾವ ಪುಟದಲ್ಲಿದೆ?

ಈಗ ನಿಮ್ಮ ಕಿಟಕಿಗೆ ಬರೋಣ. ಗಾಜಿನ ಆಚೆ ನೀವು, ಈಚೆ ನೆಲಕ್ಕೆ ಬೋಲ್ಟ್ ಹಾಕಿದ ಒಂದೇ ಕುರ್ಚಿಯಲ್ಲಿ ನನ್ನ ಮಗಳು, ಹಿಂದೆ ನಿಂತಿದ್ದ ನಾನು. ಅವಳು ತಂಡದ ಅಂಗಿ ಹಾಕಿಕೊಂಡಿದ್ದಳು. ನಾನೇ ಆಸ್ಪತ್ರೆಯ ದೊಡ್ಡ ಇಸ್ತ್ರಿ ಯಂತ್ರದಲ್ಲಿ ಒತ್ತಿಸಿ ತಂದಿದ್ದೆ. ನೀವು ಹೆಸರು ಕೇಳಿದಿರಿ, ಶಾಲೆ ಕೇಳಿದಿರಿ, ಅವಳು ಹೇಳಿದಳು. ನಮ್ಮ ಮಾತನ್ನು ನೀವು ಚೆನ್ನಾಗಿಯೇ ಆಡುತ್ತೀರಿ, ಅದು ಮೆಚ್ಚತಕ್ಕದ್ದೇ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ‘ಆಟ ಮುಗಿದ ಮೇಲೆ ವಾಪಸ್ ಬರ್ತೀಯಾ?’ ಎಂದಿರಿ.

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಬಹಳ ವಿನಯದಿಂದ, ‘ಅದು ಆಟ ಮುಗಿದ್ಮೇಲಿನ ಮಾತು ಸರ್. ಈಗ ಹೇಳಲ್ಲ’ ಎಂದಳು.

ನೀವು ಮೊದಲ ಸಲ ತಲೆ ಎತ್ತಿದಿರಿ. ‘ಸಾರ್, ಅದು ಅವರ ತಂಡದ...’ ಎಂದು ನಾನು ಬಾಯಿ ತೆರೆದೆ. ನೀವು ಅಂಗೈ ತೋರಿಸಿ, ‘ಅರ್ಜಿದಾರರು ಮಾತ್ರ ಉತ್ತರಿಸಬೇಕು. ನೀವು ಸುಮ್ಮನಿರಿ’ ಎಂದಿರಿ. ನಾನು ಸುಮ್ಮನಾದೆ. ನೀವು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಿರಿ, ಅವಳು ಅದೇ ಉತ್ತರವನ್ನು ಇನ್ನೊಮ್ಮೆ ಕೊಟ್ಟಳು. ಯಾಕೆ ಎಂದು ನೀವು ಕೇಳಿದ್ದರೆ ಅವಳು ಲಿಫ್ಟಿನ ಕತೆಯಿಂದ ಮೀನಿನ ಕತೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ನೀವು ಕೇಳಲಿಲ್ಲ. ಮೊಹರು ಒತ್ತಿದಿರಿ. ‘ಮರಳುವ ಉದ್ದೇಶ ಮನವರಿಕೆಯಾಗಿಲ್ಲ’ ಎಂಬ ಚೀಟಿ ಗಾಜಿನ ಕೆಳಗಿನ ತಟ್ಟೆಗೆ ಬಂದು ಬಿತ್ತು.

ಹದಿನಾಲ್ಕು ವರ್ಷದ ಹುಡುಗಿ ಮನೆಗೆ ಮರಳುತ್ತಾಳೆ ಎಂಬುದಕ್ಕೆ ನಿಮಗೆ ಯಾವ ರುಜುವಾತು ಬೇಕಿತ್ತು, ಮಾನ್ಯರೇ? ಆಸ್ತಿಪತ್ರವೇ? ಅವಳ ಹೆಸರಿನಲ್ಲಿ ಇರುವುದು ಶಾಲೆಯ ಗ್ರಂಥಾಲಯದಿಂದ ತಂದು ಹಿಂತಿರುಗಿಸದ ಒಂದು ಪುಸ್ತಕ. ಅವಳ ಹಲ್ಲಿಗೆ ಕಟ್ಟಿದ ತಂತಿಯನ್ನು ತಿಂಗಳಿಗೊಮ್ಮೆ ಬಿಗಿ ಮಾಡಿಸಬೇಕು, ದಂತವೈದ್ಯೆ ಇರುವುದು ನಮ್ಮ ಬೀದಿಯಲ್ಲಿ. ಅವಳ ಪುಟ್ಟ ತಮ್ಮ ಅವಳ ಮೊಣಕೈ ಹಿಡಿದುಕೊಳ್ಳದೆ ನಿದ್ದೆ ಮಾಡುವುದಿಲ್ಲ. ಅವಳ ಅಜ್ಜಿಗೆ, ಅಂದರೆ ನನ್ನ ಅತ್ತೆಗೆ, ಕಣ್ಣಿಗೆ ಹನಿ ಹಾಕುವುದು ಅವಳೇ. ಬೇರೆ ಯಾರು ಹಾಕಿದರೂ ‘ಕೆನ್ನೆಗೆ ಹಾಕ್ತೀರಿ’ ಎಂದು ಮುನಿಸು. ಇದೆಲ್ಲವನ್ನೂ ದೃಢೀಕರಿಸಿ ಸಹಿ ಹಾಕಿಕೊಡುವ ಕಚೇರಿ ಯಾವುದೆಂದು ತಿಳಿಸಿ, ನಾನೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಮನೆಗೆ ಬರುವುದಿಲ್ಲ ಎಂಬ ಯೋಚನೆಯೇ ಆ ತಲೆಗೆ ಹೊಳೆದಿರಲಿಲ್ಲ. ಅದನ್ನು ಮೊದಲು ಅವಳ ತಲೆಗೆ ಹಾಕಿದವರು ನೀವು.

ಅದೇ ಹೊತ್ತಿಗೆ ಪಕ್ಕದ ಕಿಟಕಿಯಲ್ಲಿ ನಮ್ಮ ತಂಡದ ವ್ಯವಸ್ಥಾಪಕರು ಕೂತಿದ್ದರು. ತಂಡಕ್ಕೆ ಒಬ್ಬ ವ್ಯವಸ್ಥಾಪಕ ಬೇಕೆಂದು ನಮ್ಮ ಬಡಾವಣೆಯ ಕ್ರೀಡಾ ಸಂಘದ ಅಧ್ಯಕ್ಷರು ಕೊನೆಯ ಗಳಿಗೆಯಲ್ಲಿ ತಮ್ಮ ಬಾವಮೈದನನ್ನೇ ಸೇರಿಸಿದ್ದರು. ಆತ ಚೆಂಡನ್ನು ಮುಟ್ಟಿದ್ದು ಗುಂಪಿನ ಫೋಟೊದಲ್ಲಿ ಮಾತ್ರ. ಕತ್ತಿಗೆ ಟೈ, ಕೈಯಲ್ಲಿ ದಪ್ಪ ಫೈಲು. ಅದೇ ಪ್ರಶ್ನೆಗೆ ಆತ ‘ಖಂಡಿತ ಬರ್ತೀನಿ ಸರ್, ಖಂಡಿತ’ ಎಂದದ್ದು ಇಡೀ ಕಚೇರಿಗೆ ಕೇಳಿಸಿತು. ನಿಮ್ಮ ಸಹೋದ್ಯೋಗಿ ನಕ್ಕು ಶುಭ ಹಾರೈಸಿದರು. ನನ್ನ ಮಗಳು ಚೀಟಿ ಹಿಡಿದು ಕೂತಲ್ಲಿಂದಲೇ ಇದನ್ನೆಲ್ಲ ನೋಡುತ್ತಿದ್ದಳು.

ಆ ಸಂಜೆ ಮಾಸ್ತರು ಮನೆಗೆ ಬಂದರು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತರು. ‘ಅಲ್ಲಾ ಕಪ್ಪೆ, ಆ ಕಿಟಕೀಲಿ ಬೇಕಾಗಿರ್ಲಿಲ್ಲ ಕಣಮ್ಮ ಅದು’ ಎಂದರು. ಅವಳು, ‘ನೀವು ಎಲ್ಲಾ ಕಡೆ ಅಂದಿದ್ರಿ ಮಾಸ್ತರೇ’ ಎಂದಳು. ಅವರು ಹಾಗೆಯೇ ಮೆಟ್ಟಿಲಿಳಿದು ಹೋದರು. ಅದಕ್ಕೆ ಉತ್ತರ ನಿಮಗೇನಾದರೂ ಹೊಳೆದರೆ ತಿಳಿಸಿ. ಮಕ್ಕಳಿಗೆ ಹೇಳಿಕೊಟ್ಟ ಒಳ್ಳೆಯ ಮಾತು ಯಾವ ಯಾವ ಕಚೇರಿಯಲ್ಲಿ ಚಲಾವಣೆಯಲ್ಲಿಲ್ಲ ಎಂದು ಮೊದಲೇ ಗೊತ್ತಿದ್ದರೆ ನಮ್ಮಂಥವರಿಗೆ ಅನುಕೂಲ. ಬೇರೆ ಕಿಟಕಿಗಳಲ್ಲಿ ಈ ಪ್ರಶ್ನೆಯೇ ಎದುರಾಗದೆ ವೀಸಾ ಪಡೆದಿದ್ದ ಉಳಿದ ಹುಡುಗಿಯರು ನಾವೂ ಹೋಗುವುದಿಲ್ಲ ಎಂದು ಹಟ ಹಿಡಿದರು. ಅವಳೇ ಬೈದು ಕಳಿಸಿದಳು.

ಪಂದ್ಯವನ್ನು ನಾವು ಆಸ್ಪತ್ರೆಯ ಬಟ್ಟೆ ಮಡಚುವ ಕೋಣೆಯಲ್ಲಿ ನೋಡಿದೆವು. ರಜೆ ಸಿಗದ ಕಾರಣ ನಾನೇ ಅವಳನ್ನು ಅಲ್ಲಿಗೆ ಕರೆಸಿಕೊಂಡಿದ್ದೆ. ನನ್ನ ಜೊತೆಯ ಹೆಂಗಸರು ಯಂತ್ರ ನಿಲ್ಲಿಸಿ, ಬೆಚ್ಚಗಿನ ಹಾಸುಬಟ್ಟೆಗಳ ರಾಶಿಗೆ ಫೋನನ್ನು ಒರಗಿಸಿ, ಅವಳನ್ನು ನಡುವೆ ಕೂರಿಸಿಕೊಂಡರು. ಆಚೆ ಮೈದಾನದಲ್ಲಿ ಬದಲಿ ಆಟಗಾರ್ತಿಯೊಬ್ಬಳು ಫೋನ್ ಹಿಡಿದು ತೋರಿಸುತ್ತಿದ್ದಳು. ಗೋಲಿನಲ್ಲಿ ನಿಂತಿದ್ದವಳು ತಂಡದಲ್ಲೇ ಉದ್ದದ ಹುಡುಗಿ, ಏಣಿ ಎಂದು ಅವಳ ಅಡ್ಡಹೆಸರು. ಎತ್ತರ ಇದ್ದರೆ ಸಾಕು ಎಂದುಕೊಂಡು ನಿಲ್ಲಿಸಿದ್ದರು. ನನ್ನ ಮಗಳು ಫೋನಿಗೆ ಹೇಳುತ್ತಲೇ ಇದ್ದಳು: ‘ಎಡಕ್ಕೆ ಬಾ ಏಣಿ. ಮುಂದೆ ಬಾ. ಚೆಂಡು ನೋಡು, ಅವಳ ಮುಖ ನೋಡ್ಬೇಡ.’ ಆ ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು, ಕೇಳಿಸಬೇಕಾದವಳಿಗೆ ಕೇಳಿಸಲಿಲ್ಲ. ಗೋಲುಗಳು ಬೀಳುತ್ತಾ ಹೋದವು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಹೋಗಿ ಹಾಸುಬಟ್ಟೆಗಳನ್ನು ಮಡಚತೊಡಗಿದಳು, ಮೂಲೆಗೆ ಮೂಲೆ ಕೂಡಿಸಿ, ನಾನು ಕಲಿಸಿದ ಹಾಗೆ. ಆಟ ಮುಗಿದ ಮೇಲೆ ಏಣಿ ಫೋನಿನ ಹತ್ತಿರ ಬಂದು, ‘ಕಪ್ಪೆ, ಇದ್ದೀಯೇನೆ? ನನಗೆ ಆಗ್ಲಿಲ್ಲ ಕಣೆ’ ಎಂದು ಬಿಕ್ಕಿದಳು. ನನ್ನ ಮಗಳು ತಿರುಗಿ ನೋಡದೆ ‘ಇದ್ದೀನಿ’ ಎಂದಳು. ನಾನು ಜೀವಮಾನದಲ್ಲಿ ಎಷ್ಟೋ ಮಂದಿಯ ರಕ್ತದ ಬಟ್ಟೆ ಒಗೆಸಿದವಳು, ಗಟ್ಟಿ ಎಂದುಕೊಂಡಿದ್ದೆ. ಆ ದಿನ ಒಣಗಿಸುವ ಯಂತ್ರದ ಹಿಂದೆ ಹೋಗಿ ನಿಂತು ಅತ್ತೆ.

ಹುಡುಗಿಯರೆಲ್ಲ ಮರಳಿ ಬಂದರು, ಮಾನ್ಯರೇ. ಮಾಸ್ತರೂ ಬಂದರು. ಬಾರದೇ ಉಳಿದವರು ಒಬ್ಬರೇ, ಆ ವ್ಯವಸ್ಥಾಪಕರು. ವಿಮಾನ ನಿಲ್ದಾಣದಲ್ಲಿ ಮಕ್ಕಳಿಗೆ ನೀರು ತರುತ್ತೇನೆಂದು ಹೋದವರು ಇನ್ನೂ ನೀರು ಹುಡುಕುತ್ತಿದ್ದಾರೆ. ಆತನನ್ನು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಅವರವರ ಹೊಟ್ಟೆಪಾಡು ಅವರವರಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಆತನ ಫೈಲು ನಿಮಗೆ ಕಲಿಸಿದ್ದರೆ ಅಷ್ಟೇ ಸಾಕಿತ್ತು. ನೀವು ಕಲಿತದ್ದು ಬೇರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಇನ್ನು ಮುಂದೆ ನಮ್ಮ ಸಂಘದ ಯಾವ ಮಕ್ಕಳ ತಂಡಕ್ಕೂ ವೀಸಾ ಇಲ್ಲವೆಂದು ಪ್ರಕಟಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯವನ್ನು ನಿಮ್ಮ ದೇಶದಲ್ಲೂ ಕಲಿಸುತ್ತಾರೆಂದು ನನಗೆ ತಿಳಿದಿರಲಿಲ್ಲ.

ಆದರೆ ನನ್ನ ಸಂಕಟ ಅದೂ ಅಲ್ಲ. ವ್ಯವಸ್ಥಾಪಕರು ಬರಲಿಲ್ಲ ಎಂಬ ಸುದ್ದಿ ಬಂದ ದಿನದಿಂದ ನನ್ನ ಮಗಳ ಮಾತೇ ಬದಲಾಯಿತು. ‘ಓದಿದ್ಯಾ?’ ಎಂದರೆ ‘ಖಂಡಿತ’. ಓದಿರುವುದಿಲ್ಲ. ‘ಅಜ್ಜಿಗೆ ಹನಿ ಹಾಕಿದ್ಯಾ?’ ಎಂದರೆ ‘ಖಂಡಿತ’. ಅಜ್ಜಿ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿರುತ್ತಾರೆ. ಮಾಸ್ತರು ಬಂದು ಕರೆದರು, ಮುಂದಿನ ವಯೋಮಿತಿಯ ತಂಡ ಕಟ್ಟುತ್ತಿದ್ದೇನೆ, ನಾಳೆಯಿಂದ ಬರ್ತೀಯಾ ಎಂದು. ಅವಳು ಅವರ ಮುಖ ನೋಡಿಕೊಂಡೇ ‘ಖಂಡಿತ ಬರ್ತೀನಿ ಮಾಸ್ತರೇ’ ಎಂದಳು. ಅವರು ಬೆಚ್ಚಿ ನನ್ನ ಕಡೆ ನೋಡಿದರು. ಮಾರನೆಯ ದಿನ ಅವರು ಮೈದಾನದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು, ಅವಳು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಳು. ‘ಬರ್ತೀನಿ ಅಂದ್ಯಲ್ಲೇ’ ಎಂದು ಕೇಳಿದೆ. ‘ಹಾಗಂದ್ರೆ ಆಯ್ತಲ್ಲಮ್ಮ, ಎಲ್ಲರೂ ಬಿಟ್ಬಿಡ್ತಾರೆ’ ಎಂದಳು. ಅದನ್ನು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಲೆಕ್ಕದ ಸೂತ್ರವೊಂದನ್ನು ಒಪ್ಪಿಸುವ ಹಾಗೆ ಹೇಳಿದಳು.

ಆದ್ದರಿಂದ ನನ್ನ ಬೇಡಿಕೆ. ವೀಸಾ ಕೇಳುತ್ತಿಲ್ಲ, ಪಂದ್ಯಾವಳಿ ಮುಗಿಯಿತು, ಅವಳ ವಯಸ್ಸೂ ಮೀರಿತು, ಅವೆರಡನ್ನೂ ಹಿಂದಕ್ಕೆ ತರುವ ಅಧಿಕಾರ ನಿಮಗೂ ಇಲ್ಲ. ಬೇರೆ ಮಕ್ಕಳ ಮೇಲಿನ ನಿಷೇಧವನ್ನು ತೆಗೆಯಿರಿ, ಅದು ನ್ಯಾಯ. ನನಗಾಗಿ ಕೇಳುವುದು ಒಂದೇ ಸಾಲು. ಮೊಹರು ಬೇಡ, ಯಂತ್ರ ಬೇಡ, ನಿಮ್ಮ ಕೈಯಿಂದಲೇ ನನ್ನ ಮಗಳಿಗೆ ಬರೆಯಿರಿ: ‘ಆ ದಿನ ನೀನು ಕೊಟ್ಟ ಉತ್ತರ ಸರಿಯಾಗಿತ್ತು, ನಾನು ಕೇಳಿಸಿಕೊಂಡದ್ದು ತಪ್ಪು.’ ಇದನ್ನು ನಾನು ದಿನವೂ ಅವಳಿಗೆ ಹೇಳುತ್ತಿದ್ದೇನೆ. ಅಮ್ಮಂದಿರು ಹಾಗೇ ಹೇಳೋದು ಎನ್ನುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ. ನೀವು ಹೇಳಿದ್ದನ್ನು ನಂಬಿಯೇ ಅವಳು ಹೀಗಾಗಿದ್ದಾಳೆ.

ಇಂತಿ,
ತಾವು ಸುಮ್ಮನಿರಿ ಎಂದಾಗ
ಸುಮ್ಮನಿದ್ದುಬಿಟ್ಟ ತಾಯಿ