ಮಸ್ಕತ್‌ಗೆ ಒಂಬತ್ತು, ವಾಡಿಗೆ ಹದಿಮೂರು

ಜನವರಿ 8, ಸೋಮವಾರ

ಶಾಲೆಯಿಂದ ಬಂದಾಗ ಮೂರು. ಬಿಸಿಯೂಟದ ದೊಡ್ಡ ಪಾತ್ರೆಗಳನ್ನು ತಿಕ್ಕಿ ಬೆರಳು ಮಡಚಲು ಬರುತ್ತಿಲ್ಲ. ಅಂಗಳ ಗುಡಿಸಿದೆ. ಬೆಳಿಗ್ಗೆ ಗುಡಿಸಿದ್ದೆ, ಅಷ್ಟೇ ಧೂಳು ಮತ್ತೆ. ಚಹಾಕ್ಕಿಡುವಷ್ಟರಲ್ಲಿ ಲುಂಬಿನಿ ಮೊಬೈಲ್ ಹಿಡಿದು ಬಂದಳು. ನೆಗೆಣ್ಣಿ, ಪಕ್ಕದ ಮನೆ. ನಡುವೆ ಒಂದೇ ಗೋಡೆ.

"ಅಕ್ಕಾ, ಜಗತ್ತಿನ್ಯಾಗ ಇರ್ಲಿಕ್ಕ ಒಂದನೇ ನಂಬರ್ ಊರು ಯಾವ್ದು ಹೇಳು."

"ನಂಗೇನ್ ಗೊತ್ತು."

"ವಿಯೆನ್ನಾ ಅಂತ. ಎರಡನೇದು ಕೋಪನ್‌ಹೇಗನ್. ಅಲ್ಲಿ ದೊಡ್ಡ ದೊಡ್ಡ ಸಾಹೇಬರೂ ಸೈಕಲ್ ಮ್ಯಾಲೇ ಹೋಗ್ತಾರಂತ."

"ಸೈಕಲ್ ನೋಡ್ಲಿಕ್ಕ ಅಲ್ಲಿ ತನಕ ಯಾಕ, ಶಹಾಬಾದಕ್ಕ ಹೋಗು."

ಭಾಳ ನಕ್ಕಳು. ನಗುವಾಗ ಚೆಲುವೆ. ಅವಳಿಗೆ ನಗಲು ಕಾರಣವಿದೆ. ಅವಳ ಗಂಡ, ನಮ್ಮ ಮನೆಯವರ ತಮ್ಮ ಸಂಘಪಾಲನಿಗೆ ಹೊರದೇಶದ ಸಿಮೆಂಟ್ ಫ್ಯಾಕ್ಟರಿಯ ಕೆಲಸ ಬರುವಂತಿದೆ. ಹೈದರಾಬಾದಿನ ಏಜೆಂಟ್ ಫಾರ್ಮ್ ಕಳಿಸಿದ್ದಾನೆ. ಮೂರು ಊರು ಕೊಟ್ಟು, ಯಾವುದು ಮೊದಲು ಬೇಕು ಬರೆಯಿರಿ ಎಂದಿದ್ದಾನೆ. ಮಸ್ಕತ್, ನೈರೋಬಿ, ಇಸ್ತಾಂಬುಲ್. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು.

ಹೆಂಡತಿಯನ್ನೂ.

ಚಹಾ ಉಕ್ಕಿ ಒಲೆಯ ಮೇಲೆ ಹೋಯಿತು.

ಜನವರಿ 10, ಬುಧವಾರ

ದಿನವೂ ಬರುತ್ತಾಳೆ. ಇವತ್ತು ಇಸ್ತಾಂಬುಲ್. ಊರಿನ ನಡುವೆಯೇ ಸಮುದ್ರವಂತೆ, ಈ ಕಡೆಯಿಂದ ಆ ಕಡೆಗೆ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರಂತೆ. ಬೆಕ್ಕುಗಳು ಬಹಳ. ನೈರೋಬಿ ತಂಪು, ಫ್ಯಾನ್ ಬೇಡ. ಮಸ್ಕತ್ತಿನಲ್ಲಿ ಬಿಸಿಲು, ಆದರೆ ನಳ ತಿರುಗಿಸಿದರೆ ನೀರು.

ಇದೆಲ್ಲ ನನಗೆ ಗೊತ್ತಿರುವುದೇ.

ಐದು ವರ್ಷದ ಹಿಂದೆ ಇವರಿಗೂ ಇದೇ ಫಾರ್ಮ್ ಬಂದಿತ್ತು. ಇಲ್ಲಿ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ, ಕಲ್ಲು ಸುಡುವ ಕಿಲ್ನ್‌ನಲ್ಲಿ ಹತ್ತೊಂಬತ್ತು ವರ್ಷ ಬರ್ನರ್ ಆಗಿದ್ದವರು. ನೀಲಿ ಗಾಜು ಹಿಡಿದು ಬೆಂಕಿಯ ಬಣ್ಣ ನೋಡಿಯೇ ಒಳಗೆ ಏನಾಗುತ್ತಿದೆ ಎಂದು ಹೇಳುತ್ತಿದ್ದರು. ಎಲ್ಲಿಗೆ ಹೋಗೋಣ ಭೀಮಾ ಎಂದು ಕೇಳಿದರು. ಎಲ್ಲಿಗೂ ಬೇಡ ಅಂದೆ. ಅವ್ವನಿಗೆ ಏನಾದರೂ ಆದರೆ ಬರಲು ಎಷ್ಟು ತಾಸು? ಅದೊಂದೇ ನನ್ನ ಲೆಕ್ಕ.

ಮರುವರ್ಷ ಅವ್ವ ಹೋದಳು. ವಾಡಿಯಿಂದ ತವರು ಐನಾಪುರಕ್ಕೆ ಹೊರಟೆ. ಸೇಡಂನಲ್ಲಿ ಬಸ್ ತಪ್ಪಿತು, ಚಿಂಚೋಳಿಯಲ್ಲಿ ಒಂದು ತಾಸು ನಿಂತೆ. ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಸ್ಕತ್ತಿನಿಂದ ಬಂದಿದ್ದರೂ ಅದೇ ಹಸಿ ಮಣ್ಣು ನೋಡುತ್ತಿದ್ದೆ.

ಈಗ ಇವರೂ ಇಲ್ಲ. ಹತ್ತು ತಿಂಗಳು. ಚಿತ್ತಾಪುರದಿಂದ ಬಂದು ಸ್ಟೇಷನ್ನಿನಲ್ಲಿ ಇಳಿದವರು ಬೆಂಚಿನ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಅಷ್ಟೇ.

ಜನವರಿ 13, ಶನಿವಾರ

ಸಂಘಪಾಲ ಬಂದ. ಬಾಗಿಲಲ್ಲೇ ನಿಂತ. ಅಣ್ಣ ಹೋದ ಮೇಲೆ ನನ್ನೆದುರು ಕೂರುವುದಿಲ್ಲ.

"ವೈನಿ, ಇಪ್ಪತ್ನಾಕಕ್ಕ ವಿಡಿಯೋ ಮ್ಯಾಲೆ ಇಂಟರ್‌ವ್ಯೂ ಅದ. ಅಣ್ಣನ ಕಿಲ್ನಿನ ನೋಟ್‌ಬುಕ್ ಇತ್ತಲ್ಲ, ಕೆಂಪು ರಟ್ಟಿಂದು. ಅದೊಂದು ಬೇಕಿತ್ತು. ನಾ ಮೊದ್ಲು ಪ್ಯಾಕಿಂಗ್‌ನ್ಯಾಗ ಇದ್ದಾವ, ಕಿಲ್ನಿಗಿ ಬಂದು ನಾಕೇ ವರ್ಷ. ಅವ್ರು ಕೇಳೋದು ಎಲ್ಲಾ ಅಣ್ಣ ಬರದಿಟ್ಟಾನ."

"ಅದು ಇಲ್ಲ ಸಂಘಪಾಲ. ಅವ್ರ ಅರಬಿ ಹಾಸಿಗಿ ಸುಟ್ಟಾಗ ಅದೂ ಹೋಯ್ತು."

ನನ್ನ ಬಾಯಿಂದಲೇ ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ಆದರೆ ವಾಪಸ್ ತೆಗೆದುಕೊಳ್ಳಲೂ ಇಲ್ಲ.

"ಹೋಗ್ಲಿ ಬಿಡ್ರಿ" ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಜನವರಿ 14, ಭಾನುವಾರ. ಭೋಗಿ

ಸಜ್ಜೆ ರೊಟ್ಟಿ ಮಾಡಲಿಲ್ಲ. ಯಾರಿಗೆ? ಲುಂಬಿನಿ ನಾಲ್ಕು ತಂದುಕೊಟ್ಟಳು, ಮೇಲೆ ಎಳ್ಳು ಒತ್ತಿ. ಗೋಡೆಯ ಆಚೆ ಅವಳು ರೊಟ್ಟಿ ಬಡಿಯುವ ಸದ್ದು, ಅವನು "ಇನ್ನೊಂದು" ಅನ್ನುವುದು. ಇನ್ನೊಂದು. ಇನ್ನೊಂದು. ಎಷ್ಟು ತಿನ್ನುತ್ತಾನೆ.

ಮಧ್ಯಾಹ್ನ ಟ್ರಂಕ್ ತೆಗೆದೆ. ಶಾಲಿನ ಕೆಳಗೆ ಇದೆ, ಕೆಂಪು ರಟ್ಟು. ಬೆಂಕಿ ಹಳದಿ ಇದ್ದರೆ ತಾಳು, ಬೆಳ್ಳಗಾದರೆ ಕಲ್ಲಿದ್ದಲು ಇಳಿಸು. ಹೊರಗಿನ ತಗಡು ಒಂದೇ ಕಡೆ ಕೆಂಪಾದರೆ ಒಳಗೆ ಇಟ್ಟಿಗೆ ಬಿದ್ದಿದೆ. ಹೀಗೆ ನೂರು ಪುಟ. ಕೊನೆಯ ಪುಟದಲ್ಲಿ ಬೇರೆಯದೇ ಲೆಕ್ಕ. ಮೊದಲು ನೋಡಿರಲಿಲ್ಲ... ಇವರು ಹೋದ ಮೇಲೆ ಬಿಚ್ಚಿಯೇ ಇರಲಿಲ್ಲ.

ಇಸ್ತಾಂಬುಲ್ — ಹಿಮ. ಸಮುದ್ರ. ಭಾಷೆ ಕಷ್ಟ. ನನಗೆ 8. ಭೀಮಾಗೆ 0.
ನೈರೋಬಿ — ಹವಾ ಒಳ್ಳೆಯದು. ಸಂಜೆ ಮೇಲೆ ಹೊರಗೆ ತಿರುಗುವಂತಿಲ್ಲ ಅಂತಾರೆ. ನನಗೆ 7. ಭೀಮಾಗೆ 0.
ಮಸ್ಕತ್ — ಬಿಸಿಲು ನಮ್ಮಷ್ಟೇ. ಬಾಡಿಗೆ ಮನೆ ಕೇಳಿದರೆ ನೀವು ಯಾವ ಮಂದಿ ಅನ್ನುವುದಿಲ್ಲ, ಭಾರತದಿಂದ ಬಂದವರಿಗೆಲ್ಲ ಒಂದೇ ಹೆಸರು, 'ಹಿಂದಿ', ಅಂತಾರೆ. ನನಗೆ 9. ಭೀಮಾಗೆ 0.
ವಾಡಿ — ಧೂಳು. ನೀರು ಎರಡು ದಿನಕ್ಕೊಮ್ಮೆ. ನನಗೆ 3. ಭೀಮಾಗೆ 10.

ಕೆಳಗೆ ಕೂಡಿಸಿದ್ದಾರೆ. ವಾಡಿಗೆ ಹದಿಮೂರು. ಅದರ ಸುತ್ತ ಗೆರೆ.

ಜಗಳ ಮಾಡಿದ್ದರೆ ಹೋಗುತ್ತಿದ್ದೆನೇನೋ. ಕೂಡಿಸಿದರು, ಸುಮ್ಮನಾದರು.

ಇದನ್ನು ಲುಂಬಿನಿಯ ಕೈಗೆ ಕೊಡಲೇ? ನನ್ನ ಮೂರು ಸೊನ್ನೆ ನೋಡಲಿ ಎಂದು?

ಜನವರಿ 19

ಅವಳು ಇಂಗ್ಲಿಷ್ ಕಲಿಯುತ್ತಿದ್ದಾಳೆ. ಗೋಡೆಯ ಆಚೆಯಿಂದ "ಹೌ ಮಚ್ ಈಸ್ ದಿಸ್". ಇಡೀ ಸಂಜೆ.

ಜನವರಿ 24, ಬುಧವಾರ

ಸಂಘಪಾಲ ಪಾಸಾಗಲಿಲ್ಲ.

ರಶೀದಾಬೇಗಂ ಹೇಳಿದಳು. ಎದುರು ಮನೆ, ಬಳೆ ಮಾರುವವಳು, ಅವಳಿಗೆ ಎಲ್ಲ ಮೊದಲು ಗೊತ್ತಾಗುತ್ತದೆ. ಐದು ಪ್ರಶ್ನೆಗೆ ಎರಡು ಬಂತಂತೆ. ಫೆಬ್ರವರಿ ಹತ್ತಕ್ಕೆ ಇನ್ನೊಂದು ಸಲ ನೋಡುತ್ತಾರಂತೆ, ಆಮೇಲೆ ಇಲ್ಲ.

ಅನ್ನಕ್ಕೆ ಇಟ್ಟು, ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಬಹಳ ದಿನದ ಮೇಲೆ ಎರಡು ಸಲ ನೀಡಿಕೊಂಡು ಉಂಡೆ.

ಫೆಬ್ರವರಿ 2, ಶುಕ್ರವಾರ

ಲುಂಬಿನಿ ಒಂಬತ್ತು ದಿನದಿಂದ ಬಂದಿಲ್ಲ. ಮೂರು ಗಂಟೆಗೆ ಚಹಾಕ್ಕೆ ಎರಡು ಕಪ್ ನೀರು ಇಡುತ್ತೇನೆ, ಒಂದು ಚೆಲ್ಲುತ್ತೇನೆ.

ರಶೀದಾಬೇಗಂ ಕಟ್ಟೆಯ ಮೇಲೆ ಕುಳಿತು ಬಳೆ ಪೋಣಿಸುತ್ತಿದ್ದಳು.

"ಏನ್ ಭೀಮಬಾಯಿ, ನಿಮ್ ವಿಲಾಯತಿ ಸೊಸಿ ಕಾಣವಲ್ಲಳು?"

"ಸೊಸಿ ಅಲ್ಲ, ನೆಗೆಣ್ಣಿ."

"ಅದೇ. ನಾ ಅಕಿಗಿ ಹೇಳೀನಿ, ಮಸ್ಕತ್ತಿಗಿ ಹೋದ್ರ ನನಗೊಂದು ಅತ್ತರ್ ಬಾಟ್ಲಿ. ನೈರೋಬಿಗಿ ಹೋದ್ರ ಏನೂ ಬ್ಯಾಡ, ಅಲ್ಲಿ ಸಿಂಹ ಬಿಟ್ರ ಏನದ." ಆಮೇಲೆ ದನಿ ಇಳಿಸಿದಳು. "ಪಾಪ, ಆ ಹುಡುಗ ದಿನಾ ಶಿಫ್ಟ್ ಮುಗಿಸಿ ಪುಸ್ತಕ ಓದಾಕತ್ತಾನ. ಏನ್ ಓದಿದ್ರೇನು, ಅವನಣ್ಣ ದಶರಥನಂಗ ಬೆಂಕಿ ನೋಡಿದಾಂವ ಅಲ್ಲ."

ಅಲ್ಲ ಎಂದು ನಾನೂ ಅಂದೆ. ಅನ್ನುವಾಗ ಹಿತವಾಯಿತು.

ಫೆಬ್ರವರಿ 5, ಸೋಮವಾರ

ಬಂದಳು. ಮೊಬೈಲ್ ತಂದಿರಲಿಲ್ಲ.

"ಬ್ಯಾಡಂತ ಹೇಳಿಬಿಟ್ಟೆ ಅಕ್ಕಾ. ಇಲ್ಲೇ ಛಲೋ ಅದ. ಅಲ್ಲಿ ಹೋಗಿ ಯಾರ್ ಕೂಡ ಮಾತಾಡ್ಲಿ? ನೀ ಇಲ್ಲ, ರಶೀದಾಬೀ ಇಲ್ಲ. ವಿಯೆನ್ನಾನೇ ಕೊಟ್ರೂ ಬ್ಯಾಡ."

"ಸಂಘಪಾಲ ಏನಂದ?"

"ಆಯ್ತು ಅಂದ. ಅಷ್ಟೇ. ಉಂಡು ಮಕ್ಕೊಂಡ."

ಖುಷಿಯಾಗಬೇಕಿತ್ತು. ಆಯಿತು ಕೂಡ, ಅರ್ಧ ತಾಸು. ಸಂಜೆ ಗೋಡೆಯ ಆಚೆ ಇಬ್ಬರೂ ಏನೋ ಮೆಲ್ಲಗೆ ಮಾತಾಡಿ ನಕ್ಕರು.

ಆಗ ಹೊಳೆಯಿತು. ನಾನು ಹೇಳಿದ ಮಾತನ್ನೇ ಅವಳು ಹೇಳಿದಳು. ಆದರೆ ಅವಳು ಅದಕ್ಕೆ ಬೆಲೆ ತೆರಬೇಕಾಗಲಿಲ್ಲ. ಬೇಡ ಅಂದಳು, ಗಂಡ ಮನೆಯಲ್ಲೇ ಇದ್ದಾನೆ, "ಇನ್ನೊಂದು" ಅನ್ನುತ್ತಾನೆ. ಇನ್ನು ಇಪ್ಪತ್ತು ವರ್ಷ ಈ ಗೋಡೆಯ ಆಚೆ. ನಾನು ದಿನವೂ ಕೇಳಬೇಕು.

ಹೋಗಲಿ. ಮಸ್ಕತ್ತಿಗೆ ಹೋಗಲಿ, ಬೇಕಾದರೆ ಚಂದ್ರನ ಮೇಲೆ ಹೋಗಲಿ. ನನ್ನ ಕಿವಿಯಿಂದ ದೂರ ಹೋಗಲಿ.

ಒಳ್ಳೆಯ ಮನಸ್ಸಿನಿಂದಲ್ಲ. ಇಲ್ಲಿ ಸುಳ್ಳು ಬರೆದು ಏನು ಉಪಯೋಗ.

ಫೆಬ್ರವರಿ 6, ಮಂಗಳವಾರ

ಕೊಟ್ಟೆ. ಕೊನೆಯ ಪುಟ ಹರಿಯಬೇಕೆಂದು ಹಿಡಿದಿದ್ದೆ. ಹರಿಯಲಿಲ್ಲ. ಅವರ ಅಕ್ಷರ.

ಲುಂಬಿನಿ ರಟ್ಟು ನೋಡಿದಳು, ನನ್ನ ಮುಖ ನೋಡಿದಳು.

"ಸುಟ್ಟು ಹೋಯ್ತು ಅಂದಿದ್ದಿಯಲ್ಲ."

"ಸುಳ್ಳು ಹೇಳಿದ್ದೆ."

"ಯಾಕ?"

"ನೀವು ಹೋಗಬಾರ್ದಂತ."

ಬಯ್ಯುತ್ತಾಳೆಂದು ನಿಂತಿದ್ದೆ. ಅವಳು ಅಲ್ಲೇ ತನ್ನ ಹೊಸ್ತಿಲ ಮೇಲೆ ಕುಳಿತು ಪುಟ ತಿರುಗಿಸಿದಳು. ಹಿಂದಿನಿಂದಲೇ ತೆಗೆದಳು, ಹಾಳಾದವಳು. ಓದಿದಳು. ಎರಡು ಸಲ.

"ಮೂರಕ್ಕೂ ಸೊನ್ನಿ ಹಾಕಿಸಿದ್ದಿ ಅಕ್ಕಾ. ಒಂದಾದ್ರೂ ನೋಡಿದ್ದೇನು?"

"ಎಲ್ಲಿ ನೋಡ್ಲಿ. ಐನಾಪುರ, ಚಿಂಚೋಳಿ, ಸೇಡಂ, ವಾಡಿ."

"ನಾನೂ ಅಷ್ಟೇ ನೋಡೀನಿ." ರಟ್ಟು ಮುಚ್ಚಿ ಕೇಳಿದಳು, "ಈಗ ಕೇಳಿದ್ರ ಮಸ್ಕತ್ತಿಗಿ ಎಷ್ಟು ಕೊಡ್ತಿ?"

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಎಷ್ಟು ಕೊಟ್ಟರೂ ಕೂಡಿಸಲು ಇನ್ನೊಬ್ಬರು ಬೇಕಲ್ಲ.

ಫೆಬ್ರವರಿ 8

ಲುಂಬಿನಿ ಮನಸ್ಸು ಬದಲಿಸಿದಳು, ಊರಿನ ಫಾರ್ಮ್ ಹೋಯಿತಂತೆ. ಮೊದಲು ಮಸ್ಕತ್, ಆಮೇಲೆ ಇಸ್ತಾಂಬುಲ್. ಸಂಘಪಾಲ ರಾತ್ರಿ ಪಾಳಿ ಮುಗಿಸಿ ಬಂದು ಮಲಗದೆ ಓದುತ್ತಾನೆ. ನನ್ನನ್ನು ನೋಡಿದರೆ ಏಳುತ್ತಾನೆ. ಸುಳ್ಳಿನ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 10, ಶನಿವಾರ. ಸಂಜೆ 4.10

ಇಂಟರ್‌ವ್ಯೂ ಶುರುವಾಗಿದೆ. ಲುಂಬಿನಿ ಹೊರಗೆ ಕಟ್ಟೆಯ ಮೇಲೆ, ರಶೀದಾಬೇಗಂ ಪಕ್ಕದಲ್ಲಿ. ನಾನು ಒಳಗೆ, ಗೋಡೆಗೆ ಬೆನ್ನು ಕೊಟ್ಟು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಗೋಡೆಯ ಆಚೆ ಸಂಘಪಾಲನ ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಕೇಳಿದರು. ತಡವರಿಸಿದ. ಎರಡನೆಯದಕ್ಕೂ ತಡವರಿಸಿದ. ನನಗೆ ಒಳಗೊಳಗೇ — ಇರಲಿ, ಬರೆಯುವುದಿಲ್ಲ.

4.25

ಈಗ ಸರಿಯಾಗಿ ಹೇಳುತ್ತಿದ್ದಾನೆ. ಕಿಲ್ನಿನಿಂದ ಬಂದ ಬೂದಿ ಬಣ್ಣದ ಉಂಡೆ ಒಡೆದು ಒಳಗೆ ನೋಡಬೇಕು ಸಾಬ್, ಕಂಪ್ಯೂಟರ್ ಪರದೆ ಸುಳ್ಳು ಹೇಳಬಹುದು, ಕಲ್ಲು ಹೇಳುವುದಿಲ್ಲ. ಆ ಕಡೆಯವರು ನಕ್ಕು, ಯಾರು ಕಲಿಸಿದರು ಎಂದು ಕೇಳಿದರು. ನಮ್ಮ ಅಣ್ಣ, ಅಂದ.

ಗೋಡೆಯ ಆಚೆ, ಮುಖ ಕಾಣದೆ ಕೇಳಿದರೆ ದನಿ ನಮ್ಮ ಮನೆಯವರದೇ. ಮಾತಿನ ಕೊನೆಯಲ್ಲಿ ಎಳೆಯುವುದೂ ಅದೇ. ನಾಲ್ಕು ವರ್ಷದಿಂದ ಪಕ್ಕದಲ್ಲಿದ್ದಾನೆ, ಇವತ್ತೇ ಕೇಳಿಸಿತು. "ಇನ್ನೊಂದು" ಅನ್ನುವಾಗಲೂ ಇದೇ ಇತ್ತೇ? ಹತ್ತು ತಿಂಗಳಿಂದ ನಾನು ದಿನವೂ ಕೇಳುತ್ತಿದ್ದದ್ದು ಇದನ್ನೇ? ಇವನು ಪಾಸಾದರೆ ಈ ದನಿಯೂ ಮಸ್ಕತ್ತಿಗೆ

ಲುಂಬಿನಿ ಬಾಗಿಲು ಬಡಿಯುತ್ತಿದ್ದಾಳೆ. ಅಕ್ಕಾ ಅಕ್ಕಾ ಅನ್ನುತ್ತಿದ್ದಾಳೆ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಇಲ್ಲಿಂದ